ಬೀಗರ ಒಲೆ

ಬಂಡೆಯ ಹಿಂದಿನಿಂದ ಹೊಗೆ ಏಳುವುದು ಕಂಡದ್ದೇ ಮರಿಯಪ್ಪ ಸೀಟಿ ಊದುತ್ತಾ ಓಡಿದ. ಸಾವನದುರ್ಗದ ಕಾಡಿಗೆ ಸ್ವಯಂಸೇವಕ ಕಾವಲುಗಾರನಾಗಿ ಸೇರಿದ ಮೇಲೆ ಅದು ಅವನ ಮೊದಲ ಭಾನುವಾರ. ಸಂಬಳವಿಲ್ಲ, ಅರಣ್ಯ ಇಲಾಖೆಯವರು ಕೊಟ್ಟದ್ದು ಒಂದು ಹಸಿರು ಟೋಪಿ, ಒಂದು ಸೀಟಿ. ಹೋದ ಬೇಸಿಗೆಯಲ್ಲಿ ಯಾರೋ ಆರಿಸದೆ ಬಿಟ್ಟ ಒಲೆಯಿಂದ ಬೆಟ್ಟದ ಒಂದು ಮಗ್ಗುಲೇ ಕರಕಲಾದದ್ದನ್ನು ಕಂಡವನು, ತಾನಾಗಿಯೇ ಹೋಗಿ ಹೆಸರು ಕೊಟ್ಟಿದ್ದ.

ಬಂಡೆ ಸುತ್ತಿ ಬಂದವನ ಬಾಯಿಂದ ಸೀಟಿ ಜಾರಿತು. ಮೂರು ಕಲ್ಲಿನ ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದವರು ಸೋಲೂರಿನ ಬೀಗರು, ಲಕ್ಷ್ಮಯ್ಯನವರು. ಪಕ್ಕದಲ್ಲಿ ಬೀಗಿತ್ತಿ ಯಲ್ಲಮ್ಮ ಮಸಾಲೆ ಕದಡುತ್ತಿದ್ದರು. ಈರುಳ್ಳಿ ಹೆಚ್ಚುತ್ತಾ ಕೂತಿದ್ದವಳು ಅವರ ಸೊಸೆ, ಮರಿಯಪ್ಪನ ಮಗಳು ಶ್ವೇತ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಬನ್ನಿ ಬೀಗ್ರೇ. ಮುನೇಶ್ವರಂಗೆ ಹರಕೆ ಇತ್ತು, ಕೋಳಿ ಒಪ್ಸಿ ಆಯ್ತು. ಉಂಡ್ಕಂಡು ನಿಮ್ಮನೆಗೇ ಬರೋರು. ಇನ್ನೊಂದ್ ಕುದಿ ಬಂದ್ರೆ ಊಟನೇಯ," ಎಂದರು ಲಕ್ಷ್ಮಯ್ಯ.

ಮರಿಯಪ್ಪನ ಕಣ್ಣು ಒಲೆಯಾಚೆ ಆಳೆತ್ತರ ಒಣಗಿ ನಿಂತಿದ್ದ ಹುಲ್ಲಿನ ಮೇಲಿತ್ತು. ಕಾಡಿನಲ್ಲಿ ಬೆಂಕಿ ಹಾಕಬಾರದು ಎನ್ನಬೇಕು. ಯಾರಿಗೆ? ಮನೆಗೆ ಬಂದಾಗ ತಾನೇ ಕಾಲಿಗೆ ನೀರು ಕೊಟ್ಟು ಚಾಪೆ ಹಾಸಿದ ಬೀಗರಿಗೆ. ಮಗಳು ನಾಳೆಯೂ ಅವರ ಮನೆಯಲ್ಲೇ ಬಾಳಬೇಕು.

"ಅದೂ... ಬೀಗ್ರೇ, ಇಲ್ಲಿ ಬೆಂಕಿ ಹಾಕಂಗಿಲ್ಲ. ಆರುಸ್ಬೇಕು."

ಲಕ್ಷ್ಮಯ್ಯನವರ ಮುಖ ಬಿಗಿಯಿತು. "ಇದು ಬೀಗ್ರ ಮಾತಾ, ಟೋಪಿ ಮಾತಾ?"

"ಹೆಣ್ ಕೊಟ್ಟೋರೇ ನಮ್ಮ ಒಲೆಗೆ ನೀರ್ ಹುಯ್ಯಾಕೆ ಬಂದವ್ರೆ," ಎಂದು ಯಲ್ಲಮ್ಮ ಸೌಟು ಕೆಳಗಿಟ್ಟರು.

ಅಷ್ಟರಲ್ಲಿ ಶ್ವೇತ ಎದ್ದು, ಕುಡಿಯಲು ತಂದಿದ್ದ ನೀರನ್ನು ಕೊಡ ಬಗ್ಗಿಸಿ ಒಲೆಗೆ ಸುರಿದುಬಿಟ್ಟಳು. ಬುಸ್ಸೆಂದು ಬೂದಿ ಎದ್ದಿತು.

"ಈಗ ಹೇಳಿದ್ದು ಫಾರೆಸ್ಟಿನೋರು ಅತ್ತೆ. ನಮ್ಮಪ್ಪ ಇನ್ನೂ ಮಾತಾಡಿಲ್ಲ," ಎಂದು ಅಪ್ಪನ ಕಡೆ ನೋಡಿದಳು.

ಮರಿಯಪ್ಪ ತಟ್ಟನೆ ಟೋಪಿ ತೆಗೆದ. "ಇಲ್ಲೇ ಕೆಳಗೈತೆ ಮನೆ. ಪಾತ್ರೆ ಇಂಗೇ ಎತ್ಕೊಂಡು ನಡೀರಿ. ನಾವು ಹೋಗೋ ಹೊತ್ಗೆ ಮುದ್ದೆ ಆಗಿರ್ತದೆ."

ಹಸಿವು ಲಕ್ಷ್ಮಯ್ಯನವರನ್ನು ಎಬ್ಬಿಸಿತು. ಪಾತ್ರೆಯ ಹಿಡಿಗೆ ಟವೆಲ್ ಸುತ್ತಿ, ಬೀಗರಿಬ್ಬರೂ ಒಂದೊಂದು ಕಡೆ ಹಿಡಿದು ಇಳಿಯತೊಡಗಿದರು. ಹಿಂದೆ ಯಲ್ಲಮ್ಮನ ಗೊಣಗು, ಶ್ವೇತಳ "ಹೂಂ ಅತ್ತೆ."

ಕೆಳಗಿನ ತಿರುವಿನಲ್ಲಿ ಬಿಡದಿಯ ಫ್ಯಾಕ್ಟರಿ ಹುಡುಗರು ಬೈಕು ನಿಲ್ಲಿಸಿ ಪುಳ್ಳೆ ಒಟ್ಟುತ್ತಿದ್ದರು. ಮರಿಯಪ್ಪ ಬಾಯಿ ತೆರೆಯುವ ಮೊದಲೇ ಲಕ್ಷ್ಮಯ್ಯ ನಿಂತರು.

"ಏನ್ರಲಾ ಅದು? ಕಡ್ಡಿಪೆಟ್ಟಿಗೆ ಜೇಬಿಗೆ ಹಾಕ್ರಿ."

"ಒಸಿ ಕಬಾಬ್ ಮಾಡ್ಕೊತೀವಿ ಅಂಕಲ್. ಯಾರು ಕೇಳ್ತಾರೆ?"

ಲಕ್ಷ್ಮಯ್ಯ ಮುಚ್ಚಳ ಎತ್ತಿ, ಬಿಳಿಚಿಕೊಂಡು ತೇಲುತ್ತಿದ್ದ ಅರೆಬೆಂದ ಕೋಳಿಯನ್ನು ತೋರಿಸಿದರು.

"ನೋಡ್ಲಾ. ಹೆಣ್ ತಂದ್ಕಂಡ ಬೀಗರಿಗೇ ಈ ಗತಿ ಮಾಡವ್ರೆ ಇವ್ರು. ನಿನ್ನ ಬುಟ್ಟಾರಾ?"