ಬೆನ್ನಿಗೆ ಕಟ್ಟಿದ್ದು

ಹಮ್ಮಾದ್ ಕ್ಯಾಮೆರಾ ಚೀಲವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿಯುತ್ತಿದ್ದಂತೆ, ಹೆಂಡತಿ ಇಜ್ಜಾ ಬಂದು ಹಗ್ಗ ಬಿಚ್ಚಿಹಾಕಿದಳು. ಹೋದ ತಿಂಗಳು ಹೀಗೇ ಕಟ್ಟಿಕೊಂಡು ಹೋಗಿ, ಕಲ್ಲುದಾರಿಯ ಕುಲುಕಿಗೆ ಒಂದು ಲೆನ್ಸ್ ಸಡಿಲಾಗಿ ಹಾಳಾಗಿತ್ತು. ಈಗ ಉಳಿದಿರುವುದು ಒಂದೇ.

ಅವರಿದ್ದ ತಾರೂದಾಂತ್ ಪಟ್ಟಣದಿಂದ ಒಂದು ಗಂಟೆ ದಾರಿಯ ಹಳ್ಳಿಶಾಲೆಯಲ್ಲಿ ಹನ್ನೊಂದು ಹುಡುಗಿಯರು ಕಾಯುತ್ತಿದ್ದರು. ಪರೀಕ್ಷೆಯ ಅರ್ಜಿಗೆ ಇವತ್ತೇ ಕಡೆಯ ದಿನ. ಹಮ್ಮಾದ್ ಅವರ ಫೋಟೋ ತೆಗೆದು, ತನ್ನ ಅಂಗಡಿಗೆ ತಂದು ಅಚ್ಚು ಹಾಕಿ, ಕಚೇರಿ ಮುಚ್ಚುವುದರೊಳಗೆ ಕೊಡಬೇಕು. ತಪ್ಪಿದರೆ ಆ ಹುಡುಗಿಯರ ಒಂದು ವರ್ಷ ಹಾಳು. ಚೀಲವನ್ನು ಕೊರಳಿಗೆ ನೇತುಹಾಕಿಕೊಂಡರೆ ಹ್ಯಾಂಡಲ್‌ಗೆ ಬಡಿಯುತ್ತದೆ, ಮುಂದಿನ ಬುಟ್ಟಿಯಂತೂ ಕ್ಯಾರಿಯರ್‌ಗಿಂತ ಕಡೆ ಎಂದಳು ಇಜ್ಜಾ. ಹಾಗಾದರೆ ತಲೆ ಮೇಲೆ ಹೊತ್ತುಕೊಂಡು ಹೋಗಲಾ ಎಂದು ಹಮ್ಮಾದ್ ರೇಗಿದ.

ಇಜ್ಜಾ ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಕೂಸನ್ನು ಬೆನ್ನಿಗೆ ಕಟ್ಟುವ ಬಟ್ಟೆ ತಂದಳು. ಅವನ ಸಿಟ್ಟು ಜರ್ರನೆ ಇಳಿಯಿತು. ಎಂಟು ತಿಂಗಳ ಹಿಂದೆ ಮಗು ಜ್ವರದಲ್ಲಿ ತೀರಿಕೊಂಡ ಮೇಲೆ ಅವಳು ಅದನ್ನು ಮುಟ್ಟಿರಲಿಲ್ಲ.

“ಕೊಡು, ನಾನೇ ಕಟ್ಕೋತೀನಿ,” ಎಂದ.

“ನಿಂಗೆ ಆ ಗಂಟು ಬರಲ್ಲ. ಮೈ ಆದ್ರೆ ಕುಲುಕು ತಡ್ಕೊಳ್ಳತ್ತೆ, ಕಬ್ಬಿಣ ತಡ್ಕೊಳ್ಳಲ್ಲ. ನಡಿ, ಹೊತ್ತಾಯ್ತು.”

ಚೀಲವನ್ನು ಆ ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಅವಳು ತನ್ನ ಸೈಕಲ್ ಹತ್ತಿದಳು. ಹಳ್ಳ ಬಂದಾಗಲೆಲ್ಲ ಸೀಟಿನಿಂದ ಮೇಲೆದ್ದು, ಒಂದು ಕೈ ಹಿಂದಕ್ಕೆ ಚಾಚಿ ಗಂಟನ್ನು ಅದುಮಿ ಹಿಡಿಯುತ್ತಿದ್ದಳು. ಹಿಂದೆ ಬರುತ್ತಿದ್ದ ಹಮ್ಮಾದ್‌ಗೆ ನೋಡಲಾಗದಷ್ಟು ಸಂಕಟವಾಯಿತು. ಪಾಪ, ಆ ಕೈಗೆ ಏನೂ ಮರೆತಿರಲಿಲ್ಲ.

ಶಾಲೆಯ ಪಕ್ಕದ ಮನೆಯ ಮುದುಕಿ ತೂದಾಗೆ ಕಣ್ಣು ಮಂಜು. ಸೈಕಲ್ ಇಳಿದವಳ ಬೆನ್ನಲ್ಲಿ ಗಂಟು ಕಂಡದ್ದೇ ತಡ, ನಿಲ್ಲಲು ಹೇಳಿ ಒಳಗೆ ಹೋದಳು. ಒಂದು ಮೊಟ್ಟೆ ತಂದು ಇಜ್ಜಾಳ ಅಂಗೈಯಲ್ಲಿಟ್ಟಳು.

“ಕೂಸು ಮೊದಲ ಸಲ ಬಾಗಿಲಿಗೆ ಬಂದಿದೆ, ಬರಿಗೈಲಿ ಕಳಿಸಕ್ಕಾಗತ್ತಾ? ಹೆಸರೇನು ಮಗಳೇ?”

ಅದು ಕೂಸಲ್ಲ ಅಜ್ಜಿ ಎನ್ನಲು ಹಮ್ಮಾದ್ ಬಾಯಿ ತೆರೆದ.

“ಅನೀರ್,” ಎಂದಳು ಇಜ್ಜಾ.

ಮಗು ಹೋದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಮುದುಕಿ ಹರಸುತ್ತ ಗಂಟಿನತ್ತ ಕೈ ಚಾಚಿದಾಗ ಇಜ್ಜಾ ಒಂದು ಹೆಜ್ಜೆ ಹಿಂದೆ ಸರಿದಳು.

“ಈಗಷ್ಟೇ ಮಲಗಿದಾನೆ, ಅಜ್ಜಿ.”

ಶಾಲೆಯ ಅಂಗಳದಲ್ಲಿ ಹನ್ನೊಂದು ಹುಡುಗಿಯರೂ ತಲೆ ಬಾಚಿಕೊಂಡು ಸಾಲಾಗಿ ನಿಂತಿದ್ದರು. ಬೇಗ ಬನ್ನಿ ಎಂದು ಮೇಷ್ಟ್ರು ಬಾಗಿಲಿನಿಂದ ಕೈಬೀಸಿದರು. ಹಮ್ಮಾದ್ ಅಲ್ಲಾಡದೆ ನಿಂತೇ ಇದ್ದ. ಮಲಗಿದವನನ್ನು ಬೆನ್ನಿಂದ ಇಳಿಸು ಎಂದು ಹೇಳುವಷ್ಟು ಎದೆ ಅವನಿಗಿರಲಿಲ್ಲ.