ರಬ್ಬರಿನ ಎದೆ

ಕ್ಯಾಮೆರಾ ಹಿಂದೆ ನಿಂತು "ಆಕ್ಷನ್" ಎಂದ ಮೇಲೆ ತಂಗಿಗೆ ಅನ್ನಿಸಿತು: ಭೂತದ ವೇಷ ಹಾಕಿದ ಅಣ್ಣನ ಕೈಗೆ ನಿಜವಾದ ಕತ್ತಿ ಕೊಡಬಾರದಿತ್ತೇನೋ. ಆದರೆ ಆಟಿಕೆ ಕತ್ತಿ ರಬ್ಬರನ್ನು ಕೊಯ್ಯುವುದಿಲ್ಲ. ಮೇಜಿನಡಿ ಮೈ ಅಡಗಿಸಿಕೊಂಡಿದ್ದ ಅಪ್ಪನ ತಲೆಯಷ್ಟೇ ಮೇಜಿನ ತೂತಿನಿಂದ ಹೊರಗಿತ್ತು; ಕುತ್ತಿಗೆಗೆ ತಾಗಿದಂತೆ, ಅವಳು ಅಡುಗೆಮನೆಯಲ್ಲಿ ವಾರಗಟ್ಟಲೆ ಕೂತು ಎರಕ ಹೊಯ್ದ ರಬ್ಬರಿನ ಎದೆ. ಅದು ಕೆಟ್ಟರೆ ಇನ್ನೊಂದು ಮಾಡಲು ಸಾಮಾನೂ ಇರಲಿಲ್ಲ, ತ್ರಾಣವೂ ಇರಲಿಲ್ಲ.

ಅಣ್ಣನ ಮದುವೆಗೆ ಅಪ್ಪ ಬಂದಿರಲಿಲ್ಲ; ಅಂದಿನಿಂದ ಅವನು ಅವರೊಂದಿಗೆ ಮಾತು ಬಿಟ್ಟಿದ್ದ. ಇಬ್ಬರನ್ನೂ ಒಂದೇ ಕೋಣೆಗೆ ತರಲು ಅವಳಿಗೆ ಸಿಕ್ಕ ದಾರಿ ಈ ಸಿನಿಮಾ ಒಂದೇ.

"ಅವನಿಗೆ ಹೇಳಮ್ಮ, ಕತ್ತಿ ಹಿಡಿಯೋದು ಹಾಗಲ್ಲ" ಎಂದರು ಅಪ್ಪ, ಇದ್ದಲ್ಲಿಂದಲೇ.

"ಅವರಿಗೆ ಹೇಳು, ಸಾಯೋರು ಪಾಠ ಮಾಡಲ್ಲ" ಎಂದ ಅಣ್ಣ.

ಕತ್ತಿ ಮೇಲೆದ್ದಿತು. ಅವನ ಮುಖದಲ್ಲಿ ನಟನೆ ಎಷ್ಟು, ಸಿಟ್ಟು ಎಷ್ಟು ಎಂದು ಅವಳಿಗೆ ತಿಳಿಯಲಿಲ್ಲ. ನಿಲ್ಲಿಸು ಎನ್ನುವಷ್ಟರಲ್ಲಿ ಕತ್ತಿ ಇಳಿಯಿತು. ಅವಳು ಕ್ಯಾಮೆರಾ ಬಿಡದೆ ಕಾಲಡಿಯ ಪಂಪು ತುಳಿದಳು. ರಬ್ಬರು ಬಾಯ್ದೆರೆದು, ಕೆಂಪು ಬಣ್ಣದ ಸಕ್ಕರೆ ಪಾಕ ಗೋಡೆಯವರೆಗೂ ಚಿಮ್ಮಿತು. ಆದರೆ ಅಪ್ಪನ ಕೂದಲು ಹಿಡಿದೆಳೆಯಬೇಕಿದ್ದ ಅಣ್ಣನ ಎಡಗೈ, ಕತ್ತಿ ತಾಗದಂತೆ ಬೆರಳು ಅಗಲಿಸಿ ಅವರ ಮುಖವನ್ನೇ ಮುಚ್ಚಿತ್ತು. ಶಾಟ್ ಹಾಳಾಗಿತ್ತು. ಅವಳು 'ಕಟ್' ಎನ್ನಲಿಲ್ಲ.

"ಲೋ, ಉಸಿರು ಕಟ್ತಿದೆ ಕಣೋ" ಎಂದರು ಅಪ್ಪ, ಕೈಯಡಿಯಿಂದ.

"ಅಲ್ಲಾಡ್ಬೇಡಪ್ಪಾ" ಎಂದ ಅಣ್ಣ, "ಇನ್ನೂ ಒಂದೇಟು ಬಾಕಿ ಇದೆ."