ಜೀರೋ ಬಲ್ಬು

“ಅಮ್ಮಾ, ಒಂದು ವಾರದಿಂದ ನಿಮ್ಮನೆ ಬ್ಯಾಟರಿ ಇಳೀತಾನೇ ಇಲ್ಲ. ಫೋನಲ್ಲಿ ನೋಡಿ ಓಡಿ ಬಂದೆ. ಆಕ್ಸಿಜನ್ ಮೆಷಿನ್ ಕೆಟ್ಟೋಗಿದ್ಯಾ?” ಕೆ.ಆರ್. ಪುರದ ಆ ಮನೆಗೆ ಸೋಲಾರ್ ಹಾಕಿಕೊಟ್ಟಿದ್ದ ಸಕ್ಲೇನ್ ಹೊಸಿಲಲ್ಲೇ ನಿಂತು ಕೇಳಿದ.

ಯಶೋದಮ್ಮ ಅವನನ್ನು ಒಳಗೆ ಕರೆದೊಯ್ದರು. ಗಂಡ ಮುನಿರಾಜಪ್ಪನವರ ಮಂಚ ಖಾಲಿಯಿತ್ತು. ಕರೆಂಟ್ ಹೋದರೂ ಅವರ ಉಸಿರಿಗೆ ತೊಂದರೆಯಾಗದಿರಲೆಂದು ಸಕ್ಲೇನ್ ಬ್ಯಾಟರಿಗೆ ಜೋಡಿಸಿದ್ದ ಒಂದೇ ಒಂದು ಪ್ಲಗ್ಗಿನಲ್ಲಿ ಈಗ ಜೀರೋ ಬಲ್ಬು ಉರಿಯುತ್ತಿತ್ತು. ಪಕ್ಕದಲ್ಲಿ ಹಾರ ಹಾಕಿದ ಫೋಟೊ.

“ಎಣ್ಣೆ ದೀಪ ಗಾಳಿಗೆ ಆರ್ತಿತ್ತಪ್ಪ. ತಿಥಿವರೆಗೂ ಆರಬಾರ್ದಲ್ವಾ...”

ಅಷ್ಟರಲ್ಲಿ ಕರೆಂಟ್ ಹೋಗಿ ಫ್ಯಾನ್ ನಿಂತಿತು. ಯಶೋದಮ್ಮ ಒಂದೇ ಹೆಜ್ಜೆಗೆ ಮಂಚದ ಬಳಿ ಹೋಗಿ, ಬರಿ ಹಲಗೆಯ ಮೇಲೆ ಕೈಯಿಟ್ಟು, “ಗಾಬರಿಯಾಗ್ಬೇಡಿ ರೀ, ಬ್ಯಾಟರಿ ಇದೆ” ಎಂದರು.